ಯಂತ್ರದ ಮೆಚ್ಚುಗೆ

ವೈದ್ಯ ವಿದ್ಯಾರ್ಥಿಗಳಿಗೆ ರೋಗಿಯ ಹಾಸಿಗೆಯ ಬಳಿ ಪಾಠ ಹೇಳುವುದು ನನ್ನ ವೃತ್ತಿ. ಮೊನ್ನೆ ಒಬ್ಬ ವಿದ್ಯಾರ್ಥಿ ತಾನು ಬರೆದ ರೋಗವೃತ್ತಾಂತವನ್ನು ನನ್ನ ಮುಂದಿಟ್ಟನು. ಹಿಂದಿನ ರಾತ್ರಿ ಅದನ್ನು ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಒಪ್ಪಿಸಿ ಅಭಿಪ್ರಾಯ ಕೇಳಿದ್ದನಂತೆ. “ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದೆ, ಸಾರ್” ಎಂದನು.

ಬರಹವೇನೋ ಅಚ್ಚುಕಟ್ಟಾಗಿತ್ತು. ಆಯಾಸವೆಂದು ಬಂದಿದ್ದ ಮುದುಕಿಯೊಬ್ಬಳ ವೃತ್ತಾಂತ. ಆಕೆ ಸೇವಿಸುವ ಔಷಧಗಳನ್ನು ವಿಚಾರಿಸಿಲ್ಲವೆಂದು ಯಂತ್ರ ಎತ್ತಿ ತೋರಿಸಿದ್ದೂ ಸರಿಯಾಗಿಯೇ ಇತ್ತು. ಆದರೆ ಹಾಳೆಯಲ್ಲಿ ‘ರಕ್ತಹೀನತೆಯ ಚಿಹ್ನೆಯಿಲ್ಲ’ ಎಂದಿತ್ತು. ಅವನನ್ನು ಕರೆದುಕೊಂಡು ಆಕೆಯ ಬಳಿಗೆ ಹೋದೆ. ಕಿಟಕಿಯ ಬೆಳಕಿನಲ್ಲಿ ಕೆಳರೆಪ್ಪೆಯನ್ನು ಮೆಲ್ಲನೆ ಜಗ್ಗಿ ತೋರಿಸಿದೆ. ಒಳಭಾಗ ಬಿಳಿಚಿಕೊಂಡಿತ್ತು. ಹುಡುಗ ತಲೆ ತಗ್ಗಿಸಿದನು. ಅವನು ರೆಪ್ಪೆಯನ್ನು ಮುಟ್ಟಿಯೇ ಇರಲಿಲ್ಲ.

ಯಂತ್ರವನ್ನು ದೂರಿ ಫಲವೇನು? 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಮನೆಮಾತಾದ ಇಂಥ ಸಾಧನಗಳು ಬರೆದುಕೊಟ್ಟ ಹಾಳೆಯನ್ನು ಓದಬಲ್ಲವು. ಹಾಳೆಯ ಹಿಂದಿನ ಮನುಷ್ಯಳನ್ನು ಕಾಣಲಾರವು. ಕೆಲವೊಮ್ಮೆ ಇಲ್ಲದ್ದನ್ನೂ ಅಷ್ಟೇ ನಿಸ್ಸಂಶಯವಾಗಿ ನುಡಿಯುತ್ತವೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುವ ನಾಡಿನವರು ನಾವು. ಕಣ್ಣೆದುರಿನ ರೋಗಿಯನ್ನು ಬಿಟ್ಟು ಕನ್ನಡಿಯನ್ನು ಕೇಳಿದ್ದಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಯಂತ್ರಕ್ಕೆ ಕೊಟ್ಟ ಹಾಳೆಯಲ್ಲಿ ಆಕೆಯ ಹೆಸರಿತ್ತು, ಊರಿತ್ತು, ಮಗನ ಕುಡಿತದ ಮಾತಿತ್ತು. ಭಾವೀ ವೈದ್ಯನೊಬ್ಬನನ್ನು ನಂಬಿ ಆಕೆ ಹೇಳಿಕೊಂಡ ಗುಟ್ಟು ಈಗ ಯಾವ ದೇಶದ ಯಾವ ಉಗ್ರಾಣದಲ್ಲಿದೆಯೋ! ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2023ರಲ್ಲಿ ಪ್ರಕಟಿಸಿದ ಕೃತಕ ಬುದ್ಧಿಮತ್ತೆಯ ನೈತಿಕ ಮಾರ್ಗಸೂಚಿಗಳಲ್ಲಿ ರೋಗಿಯ ಮಾಹಿತಿಯ ಗೋಪ್ಯತೆಗೂ ಮಾನವನ ಹೊಣೆಗಾರಿಕೆಗೂ ಸ್ಥಾನವಿದೆ. ನಾನು ಅದನ್ನು ತರಗತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ.

“ನನ್ನನ್ನೇಕೆ ಕೇಳಲಿಲ್ಲ?” ಎಂದೆ.

“ತಮಗೆ ಬಿಡುವಿರಲಿಲ್ಲ, ಸಾರ್.”

ಉತ್ತರ ಹೇಳಲು ನನ್ನಲ್ಲಿ ಮಾತಿರಲಿಲ್ಲ.

ಅಂದೇ ಒಂದು ಕಟ್ಟುಪಾಡು ಮಾಡಿಕೊಂಡೆವು. ಮೊದಲು ರೋಗಿಯ ಪರೀಕ್ಷೆ, ಬಳಿಕ ಸ್ವಂತ ತೀರ್ಮಾನ, ಯಂತ್ರದ ಸರದಿ ಆಮೇಲೆ. ಅದೂ ಕಾಲೇಜು ಒಪ್ಪಿದ ಸಾಧನದಲ್ಲಿ. ಹೆಸರು, ಊರು, ದಿನಾಂಕ, ಗುರುತು ಹತ್ತುವ ಮಾತುಗಳನ್ನೆಲ್ಲ ತೆಗೆದು. ಅದು ಹೇಳಿದ್ದನ್ನು ಪುಸ್ತಕದಲ್ಲಿ ನೋಡಿ, ನನ್ನೊಡನೆ ಚರ್ಚಿಸಬೇಕು. ಅಂಕ ಕೊಡುವ ಹೊಣೆ ರೋಗಿಯನ್ನು ಕಂಡ ಗುರುವಿನದು. ನನ್ನ ಪಾಲಿನ ಕರಾರು, ವಾರಕ್ಕೊಂದು ಗಂಟೆ ಅವರಿಗೇ ಮೀಸಲು.

ಸಂಜೆ ವಿಭಾಗದ ಮುಖ್ಯಸ್ಥರಿಗೆ ವಿಷಯ ತಿಳಿಸಿ, ಇಬ್ಬರೂ ಮುದುಕಿಯ ಬಳಿಗೆ ಹೋಗಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆವು. ಆಕೆ ಸಿಟ್ಟಾಗಲಿಲ್ಲ. ಹುಡುಗನ ಮುಖವನ್ನೇ ನೋಡಿ, “ಆ ಯಂತ್ರಕ್ಕೆ ನನ್ನ ಮಗನ ಸುದ್ದಿ ಯಾತಕ್ಕಪ್ಪಾ ಬೇಕಿತ್ತು?” ಎಂದಳು.