ಅವ್ವನ ಮೊಣಕಾಲಿಗೆ ಯಾವ ಸೂಜಿ?

ಕಳೆದ ದೀಪಾವಳಿಗೆ ರಾಯಚೂರಿಗೆ ಹೋದಾಗ ಅವ್ವ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ಒಂದು ವರ್ಷದಿಂದ ಫೋನಿನಲ್ಲಿ ‘ಆರಾಮ ಅದೀನಿ’ ಎನ್ನುತ್ತಿದ್ದವಳು ಅವಳೇ. ಮರುವಾರವೇ ರೈಲು ಹತ್ತಿಸಿ ಹೈದರಾಬಾದಿಗೆ, ಕೊಂಡಾಪುರದ ನಮ್ಮ ಮನೆಗೆ ಕರೆತಂದೆ.

ಈ ಊರಿನ ತೆಲುಗಿನಲ್ಲಿ ಮೂಳೆಯ ತುದಿಯ ಮೃದ್ವಸ್ಥಿಗೆ ‘ಗುಜ್ಜು’ ಅನ್ನುತ್ತಾರೆ. ಗುಜ್ಜು ಸವೆದಿದೆ, ಆಪರೇಷನ್ ಇಲ್ಲದೆ ಇಂಜೆಕ್ಷನ್‌ನಿಂದಲೇ ಮತ್ತೆ ಬೆಳೆಸುತ್ತೇವೆ ಎಂಬ ಜಾಹೀರಾತು ನೋಡಿಯೇ ನಾನು ಒಂದು ಕ್ಲಿನಿಕ್‌ಗೆ ಹೋದದ್ದು. ಎಕ್ಸ್‌ರೇ ನೋಡಿದ ವೈದ್ಯರು ಮಧ್ಯಮ ಹಂತದ ಸವೆತ ಎಂದರು. ಪಿಆರ್‌ಪಿ ಮೂರು ಡೋಸ್, ಒಟ್ಟು ನಲವತ್ತೈದು ಸಾವಿರ. ನಿಜ ಹೇಳಬೇಕೆಂದರೆ ನನಗೆ ನಿರಾಳವಾಯಿತು. ಊರಲ್ಲಿದ್ದು ನೋಡಿಕೊಳ್ಳಲಾಗದ ಮಗನಿಗೆ ದುಡ್ಡು ಕಟ್ಟಿ ಮುಗಿಸಬಹುದಾದ ಕೆಲಸ ಸಿಕ್ಕಿತ್ತಲ್ಲ! ಕಾರ್ಡು ಕೈಗೆ ಬಂದಿತ್ತು. ತಡೆದದ್ದು ಅವ್ವ: ‘ಬೆಳೀತದ ಅಂತ ಬರದು ಕೊಡ್ತಾರೇನು ಕೇಳು.’ ಕೇಳಿದೆ. ಬರೆದುಕೊಡಲಿಲ್ಲ.

ಆ ರಾತ್ರಿ ಓದಲು ಕುಳಿತೆ. ಪಿಆರ್‌ಪಿ ಎಂದರೆ ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಕೀಲಿಗೆ ಚುಚ್ಚುವುದು. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದ ಪರೀಕ್ಷೆಯ ವರದಿ 2021ರಲ್ಲಿ ಬಂತು. ಅರ್ಧ ಜನಕ್ಕೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಅವರಿಗೆ ತಿಳಿಸಿರಲಿಲ್ಲ. ಒಂದು ವರ್ಷದ ನಂತರ ಎರಡೂ ಗುಂಪಿನಲ್ಲಿ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿತ್ತು. ಎಂಆರ್‌ಐನಲ್ಲಿ ಮೃದ್ವಸ್ಥಿಯ ವಿಷಯದಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪಿಆರ್‌ಪಿಯಿಂದ ಲಾಭವಾಯಿತೆನ್ನುವ ಚಿಕ್ಕ ಅಧ್ಯಯನಗಳೂ ಇವೆ, ತಯಾರಿಸುವ ಕ್ರಮವೂ ಒಂದೊಂದು ಕಡೆ ಒಂದೊಂದು ಥರ. ನೋವಿಗೆ ಬೇಕಾದರೆ ಪ್ರಯತ್ನಿಸಬಹುದು ಎನ್ನುವ ವೈದ್ಯರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ‘ಗುಜ್ಜು ಬೆಳೆಯುತ್ತದೆ’ ಎಂಬ ಮಾತಿನ ಬಗ್ಗೆ.

ಎರಡನೇ ಅಭಿಪ್ರಾಯಕ್ಕೆ ಇನ್ನೊಬ್ಬ ಹಿರಿಯ ಮೂಳೆ ವೈದ್ಯರನ್ನು ಕಂಡೆವು. ಅವರು ಜೆಲ್ ಇಂಜೆಕ್ಷನ್ ವಿಷಯ ಹೇಳಿದರು. ಕೀಲಿನೊಳಗಿನ ನುಣುಪು ದ್ರವದಲ್ಲಿರುವ ಹೈಲುರಾನಿಕ್ ಆಮ್ಲ ಅದು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ. ಮುಂದೆ ಹುಂಜದ ಜುಟ್ಟಿನಿಂದ ತೆಗೆಯತೊಡಗಿದರು. ‘ಕೋಳಿ ಜುಟ್ಟೇನು? ಶಿವ ಶಿವಾ!’ ಎಂದು ಅವ್ವ ಎದ್ದೇಬಿಟ್ಟಳು. ಬ್ಯಾಕ್ಟೀರಿಯಾ ಬಳಸಿ ಹುದುಗಿಸಿ ಮಾಡಿದ್ದೂ ಈಗ ಸಿಗುತ್ತದೆ ಎಂದು ವೈದ್ಯರು ನಗುತ್ತಲೇ ಸಮಾಧಾನ ಮಾಡಿದರು. ಆದರೆ 2022ರಲ್ಲಿ 169 ಪರೀಕ್ಷೆಗಳನ್ನು ಒಟ್ಟಿಗೆ ತೂಗಿದವರು ಕಂಡದ್ದು, ಉಪ್ಪುನೀರಿಗಿಂತ ರೋಗಿಗೆ ಗೊತ್ತಾಗುವಷ್ಟು ಹೆಚ್ಚಿನ ಲಾಭವಿಲ್ಲ ಎಂದು.

ಇನ್ನು ಸ್ಟೆಮ್ ಸೆಲ್. ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ದಾನಿಗಳ ಅಸ್ಥಿಮಜ್ಜೆಯಿಂದ ತಯಾರಿಸುವ ಔಷಧಕ್ಕೆ 2022ರಲ್ಲಿ ಮೊಣಕಾಲು ಸವೆತಕ್ಕೆ ಬಳಸಲು ಕೇಂದ್ರ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದೆ. ಒಪ್ಪಿಗೆ ಸಿಕ್ಕಿದ್ದು ಆ ಒಂದು ಔಷಧಕ್ಕೆ. ಹೊಟ್ಟೆಯ ಕೊಬ್ಬು ತೆಗೆದು ಅಲ್ಲೇ ‘ಸ್ಟೆಮ್ ಸೆಲ್’ ಮಾಡಿ ಚುಚ್ಚುತ್ತೇವೆ ಎನ್ನುವವರಿಗೆ ಅದು ಅನ್ವಯಿಸುವುದಿಲ್ಲ. ಈ ಊರಿನಲ್ಲಿ ಎರಡೂ ಒಂದೇ ಹೆಸರಿನಲ್ಲಿ ನಡೆಯುವುದರಿಂದ ಔಷಧದ ಹೆಸರು, ತಯಾರಕರ ಹೆಸರು ಕೇಳಿ ತಿಳಿದುಕೊಳ್ಳಿ.

ಕೊನೆಗೆ ಅವ್ವನಿಗೆ ಹಾಕಿಸಿದ್ದು ಎಲ್ಲಕ್ಕಿಂತ ಹಳೆಯದು, ಅಗ್ಗದ್ದು: ಸ್ಟೆರಾಯ್ಡ್, ಒಂದೇ ಒಂದು. ಅದು ಕೆಲವು ವಾರ ನೋವು ತಗ್ಗಿಸುತ್ತದೆ, ಅಷ್ಟೇ. ಪದೇಪದೇ ಬೇಡ ಎಂದು ವೈದ್ಯರು ಖಡಾಖಂಡಿತ ಹೇಳಿದರು. ಅಮೆರಿಕದಲ್ಲಿ 140 ಜನರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಸ್ಟೆರಾಯ್ಡ್ ಪಡೆದವರ ಮೃದ್ವಸ್ಥಿ ಉಪ್ಪುನೀರು ಪಡೆದವರಿಗಿಂತ ಹೆಚ್ಚು ಸವೆದಿತ್ತು, ನೋವಿನಲ್ಲಿ ವ್ಯತ್ಯಾಸವಿರಲಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ ಬೇರೆ. ಸೂಜಿ ಬಿದ್ದ ಮೇಲೆ ನಾಲ್ಕು ದಿನ ಸಕ್ಕರೆ ಏರಿತು. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ.

ಸೂಜಿಯ ಉದ್ದೇಶ, ನೋವು ತಗ್ಗಿದ ಆ ವಾರಗಳಲ್ಲಿ ವ್ಯಾಯಾಮ ಶುರುಮಾಡಿಸುವುದು. ಮೊಣಕಾಲ ಕೆಳಗೆ ಟವೆಲ್ ಸುತ್ತಿಟ್ಟು ತೊಡೆ ಬಿಗಿಹಿಡಿದು ಹತ್ತು ಎಣಿಸಬೇಕು. ಕೈ ಊರದೆ ಕುರ್ಚಿಯಿಂದ ಏಳಬೇಕು. ‘ಇಷ್ಟಕ್ಕ ಹೈದರಾಬಾದಿಗೆ ಬರಬೇಕಿತ್ತೇನು?’ ಎಂದಳು. ಆರು ವಾರ ಇದ್ದು, ತಾನೇ ಹಟ ಹಿಡಿದು ಊರಿಗೆ ಹೋದಳು.

ಈಗ ದಿನಾ ಸಂಜೆ ಏಳಕ್ಕೆ ವಿಡಿಯೊ ಕಾಲ್. ನಾನು ಎಣಿಸಬೇಕು, ಅವಳು ಮಾಡಬೇಕು. ಮೀಟಿಂಗ್ ಇದ್ದರೆ ಮ್ಯೂಟ್ ಹಾಕಿಕೊಂಡು ಎಣಿಸುತ್ತೇನೆ. ಬಚ್ಚಲಿಗೆ ಗೋಡೆ ಹಿಡಿಯುವುದು ತಪ್ಪಿದೆ. ಮಹಡಿ ಮೆಟ್ಟಿಲು ಮಾತ್ರ ಇನ್ನೂ ಒಂದೊಂದೇ. ಮುಂದೊಂದು ದಿನ ಆಪರೇಷನ್ ಬೇಕಾಗಬಹುದು ಎಂದೂ ವೈದ್ಯರು ಮುಚ್ಚಿಡದೆ ಹೇಳಿದ್ದಾರೆ. ಆ ನಲವತ್ತೈದು ಸಾವಿರ ಅದಕ್ಕೆಂದೇ ಬ್ಯಾಂಕಿನಲ್ಲಿದೆ.