ವೇಗಕ್ಕಾಗಿ ಕಟ್ಟಿದ ನೆಲ

ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಬೇಸಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಿರಿಯುವ ಎರೆನೆಲವನ್ನು ಕಂಡ ಹೂವಿನ ಹಿಪ್ಪರಗಿಯ ಒಕ್ಕಲಿಗನಿಗೆ, ಅಂಥ ಭೂಮಿಯ ಮೇಲೆ ಹಾಸಿದ ರಸ್ತೆ ವರ್ಷ ಕಳೆಯುವುದರೊಳಗೆ ಏಕೆ ಏರಿಳಿಯಾಗುವುದೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಂಟೆಗೆ 300 ಕಿಲೋಮೀಟರ್ ಮೀರಿ ಧಾವಿಸುವ ಪಂದ್ಯದ ಕಾರಿನ ಪಥದಲ್ಲಾದರೋ ಬೆರಳಗಲದ ಉಬ್ಬೂ ಅಪಾಯಕರ.

ಆದಿಯಲ್ಲಿ ಊರಿಂದೂರಿಗೆ ಹೋಗುವ ಸಾಮಾನ್ಯ ಹಾದಿಗಳಲ್ಲಿಯೇ ಕಾರುಗಳ ಪಂದ್ಯಗಳು ನಡೆಯುತ್ತಿದ್ದು, 1903ರ ಪ್ಯಾರಿಸ್–ಮ್ಯಾಡ್ರಿಡ್ ಓಟವು ಸ್ಪರ್ಧಿಗಳನ್ನೂ ಪ್ರೇಕ್ಷಕರನ್ನೂ ಬಲಿಗೊಂಡು ಅರ್ಧದಾರಿಯಲ್ಲಿಯೇ ನಿಂತುಹೋದ ಮೇಲೆ, ಪಂದ್ಯಕ್ಕೆಂದೇ ಪ್ರತ್ಯೇಕ ನೆಲ ಬೇಕೆಂಬ ವಿವೇಕ ಮೂಡಿತು. 1907ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಥ ತಲೆಯೆತ್ತಿತು. ಎರಡನೆಯ ಮಹಾಯುದ್ಧವು ಬಿಟ್ಟುಹೋದ ವಿಮಾನದಾಣಗಳು ಅನಂತರ ಈ ಕ್ರೀಡೆಗೆ ಆಶ್ರಯವಾದುವು: ಅಲ್ಲಿ ಸಿಲ್ವರ್‌ಸ್ಟೋನ್, ನಮ್ಮಲ್ಲಿ ಮದರಾಸಿನ ಬಳಿಯ ಶೋಲಾವರಂ. ಮದರಾಸಿನವರು 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಪಥವನ್ನೇ ಕಟ್ಟಿಕೊಂಡರು.

ಆದರೆ ಆಧುನಿಕ ವಿನ್ಯಾಸದ ಮರ್ಮವನ್ನು ಅರಿಯಲು 2011ರಲ್ಲಿ ಗ್ರೇಟರ್ ನೊಯ್ಡಾದಲ್ಲಿ ತೆರೆದ ಬುದ್ಧ ಸರ್ಕ್ಯೂಟನ್ನೇ ನೋಡಬೇಕು. ಜರ್ಮನಿಯ ಹರ್ಮನ್ ಟಿಲ್ಕೆ ರಚಿಸಿದ ಈ ಪಥದ ಉದ್ದ 5.125 ಕಿಲೋಮೀಟರ್, ತಿರುವುಗಳು 16. ಯಮುನೆಯ ಬಯಲು ಅಂಗೈಯಂತೆ ಸಮತಟ್ಟಾದುದರಿಂದ, ಮಣ್ಣನ್ನು ಹೊತ್ತುತಂದು ದಿಬ್ಬಗಳನ್ನೂ ಇಳಿಜಾರುಗಳನ್ನೂ ಕೃತಕವಾಗಿ ಎಬ್ಬಿಸಬೇಕಾಯಿತು. ಮೂರನೆಯ ತಿರುವನ್ನು ದಾಟಿದೊಡನೆ ಒಂದು ಕಿಲೋಮೀಟರಿಗೂ ಮಿಗಿಲಾದ ನೇರದಾರಿ. ಅದರ ಕೊನೆಯಲ್ಲಿ ಕಡುಬಾಗು. ನೋಡುವವರ ಕಣ್ಣೆಲ್ಲ ನೇರದಾರಿಯ ವೇಗದ ಮೇಲಿದ್ದರೂ, ವಿನ್ಯಾಸಕಾರನ ಜಾಣ್ಮೆಯಿರುವುದು ಆ ವೇಗವನ್ನು ಇಳಿಸುವಲ್ಲಿ ಎಂದೇ ನನ್ನ ಮತ. ಮುಂದಿನವನನ್ನು ಹಿಂದಿಕ್ಕುವವನು ಸಾಮಾನ್ಯವಾಗಿ ಬ್ರೇಕನ್ನು ಒಂದು ಕ್ಷಣ ತಡವಾಗಿ ಒತ್ತುವ ಧೈರ್ಯವುಳ್ಳವನು. ಅವನಿಗೆ ಒಳಗಿನಿಂದಲೋ ಹೊರಗಿನಿಂದಲೋ ನುಗ್ಗಲು ಎಡೆಯಿರಲೆಂದು ಬಾಗಿನ ಬಾಯನ್ನು ಇಲ್ಲಿ ಬೇಕೆಂದೇ ಅಗಲಿಸಲಾಗಿದೆ. ಧೈರ್ಯ ಮಿತಿಮೀರಿದರೆ ಜಾರಿಹೋಗಲು ಹೊರಗಡೆ ವಿಶಾಲವಾದ ಬಯಲುಪಟ್ಟಿ, ಅದರಾಚೆ ಟೈರುಗಳನ್ನು ಒತ್ತೊತ್ತಾಗಿ ಪೇರಿಸಿದ ಗೋಡೆ. ಹತ್ತರಿಂದ ಹನ್ನೆರಡನೆಯವರೆಗಿನ ತಿರುವುಗಳು ಮಾತ್ರ ಒಂದೇ ದೀರ್ಘ ವಕ್ರವಾಗಿ ಕೂಡಿಕೊಂಡು, ಚಾಲಕನ ಕೊರಳಿನ ಬಲವನ್ನೇ ಪರೀಕ್ಷಿಸುತ್ತವೆ.

ಈ ಪಥದಲ್ಲಿ ಫಾರ್ಮುಲಾ ಒನ್ ಪಂದ್ಯಗಳು ನಡೆದಾಗ, ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ತಂಡವು, ಕಾರ್ಯಾಗಾರ ಸಿಲ್ವರ್‌ಸ್ಟೋನಿನ ಬಳಿಯಿದ್ದರೂ, ಇಲ್ಲಿ ಸ್ವದೇಶದ ತಂಡವೆಂದೇ ಮನ್ನಣೆ ಪಡೆಯಿತು. ನಡೆದ ಮೂರು ಫಾರ್ಮುಲಾ ಒನ್ ಪಂದ್ಯಗಳನ್ನೂ ಸೆಬಾಸ್ಟಿಯನ್ ವೆಟೆಲ್ ಒಬ್ಬರೇ ಗೆದ್ದರು. ಈ ಪಂದ್ಯ ಕ್ರೀಡೆಯಲ್ಲ, ಮನರಂಜನೆಯೆಂದು ಅಲ್ಲಿಯ ರಾಜ್ಯ ಸರ್ಕಾರ ತೆರಿಗೆಯ ತಕರಾರೆತ್ತಿತು. 2013ರ ಬಳಿಕ ಆ ಕಾರುಗಳು ಅತ್ತ ಸುಳಿಯಲಿಲ್ಲ. ಹತ್ತು ವರ್ಷಗಳ ತರುವಾಯ, 2023ರ ಸೆಪ್ಟೆಂಬರಿನಲ್ಲಿ, ಅದೇ ಪಥದಲ್ಲಿ ಮೋಟೋಜಿಪಿ ಬೈಕುಗಳು ಓಡಿದುವು.