ಊರಿಗೆ ಹೋಗುವುದು ಯಾವಾಗ? ವಸಂತ್ ಕುಂಜ್‌ನಿಂದ ಮಂಗಳೂರಿಗೆ ರಜೆಯ ಲೆಕ್ಕಾಚಾರ

ವಸಂತ್ ಕುಂಜ್: ದೆಹಲಿಯ ಶಾಲೆಗಳಿಗೆ ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ಇಲ್ಲಿನ ಕರಾವಳಿ ಮೂಲದ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು: ಈ ಬಾರಿ ಊರಿಗೆ ಯಾವಾಗ? ಕಚೇರಿಯಲ್ಲಿ ರಜೆ ಮಂಜೂರಾಗಿ, ಟಿಕೆಟ್ ಕೈಸೇರಿ, ಕೊನೆಗೆ ಜೂನ್ ಮೊದಲ ವಾರದಲ್ಲಿ ಹೊರಡುವವರೇ ಹೆಚ್ಚು. ಆದರೆ ಮಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಕಡಲು ಕೆರಳಿರುತ್ತದೆ, ಆಡಲು ಸಿಗಬೇಕಾದ ದೊಡ್ಡಪ್ಪ–ಚಿಕ್ಕಪ್ಪಂದಿರ ಮಕ್ಕಳು ಶಾಲೆಗೆ ಹೊರಟಿರುತ್ತಾರೆ. ಅಜ್ಜಿಮನೆಯ ಜಗಲಿಯಲ್ಲಿ ಕುಳಿತು ಮಳೆ ನೋಡಿ ಮರಳುವ ಮಕ್ಕಳಿಗೆ ಊರೆಂದರೆ ಅಷ್ಟೇ ಆಗಿಬಿಡುತ್ತದೆ.

ಇದರಲ್ಲಿ ಯಾರ ತಪ್ಪೂ ಇಲ್ಲ. ದೆಹಲಿಯ ಶಾಲೆಗಳ ರಜೆ ಮೇ ಮಧ್ಯದಿಂದ ಜೂನ್ ಕೊನೆಯವರೆಗೆ. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್–ಮೇ ರಜೆ. ಮೇ ಕೊನೆಯಲ್ಲಿ ಅಥವಾ ಜೂನ್ ಆರಂಭದಲ್ಲಿ ಅಲ್ಲಿ ಬಾಗಿಲು ತೆರೆಯುತ್ತದೆ. ಎರಡೂ ಕಡೆಯ ಮಕ್ಕಳಿಗೆ ಒಟ್ಟಿಗೆ ಬಿಡುವಿರುವುದು ಮೇ ತಿಂಗಳ ಉತ್ತರಾರ್ಧದ ಹತ್ತು–ಹದಿನೈದು ದಿನ ಮಾತ್ರ.

ಪತ್ತನಾಜೆಯ ಗಡಿ

ಈ ದಿನಗಳಿಗೆ ಇನ್ನೊಂದು ಮಹತ್ವವೂ ಇದೆ. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24–25ರ ಸುಮಾರಿಗೆ ಪತ್ತನಾಜೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ–ನೇಮಗಳಿಗೆ ವಿರಾಮ ಬೀಳುತ್ತದೆ. ಮೇ 25ರ ನಂತರ ಊರಿಗೆ ಹೋದ ಮಗು ಬಯಲಾಟ ನೋಡಬೇಕೆಂದರೆ ಮಳೆಗಾಲ ಮುಗಿಯುವವರೆಗೆ ಕಾಯಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ನಿಷೇಧ. ತಾಜಾ ಮೀನಿನ ಆಸೆಯಿಂದ ಹೋದವರಿಗೆ ಮಾರುಕಟ್ಟೆಯಲ್ಲಿ ನಿರಾಶೆ.

ಕರಾವಳಿ ಕರ್ನಾಟಕಕ್ಕೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರ ಕಾಲಿಡುತ್ತದೆ. ದೆಹಲಿಯಲ್ಲಿ ಇಡೀ ವರ್ಷ ಬೀಳುವ ಮಳೆಗಿಂತ ಹೆಚ್ಚು ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತದೆ. ಆ ದಿನಗಳಲ್ಲಿ ಪಣಂಬೂರಿನಲ್ಲಾಗಲಿ ಸೋಮೇಶ್ವರದಲ್ಲಾಗಲಿ ನೀರಿಗಿಳಿಯುವುದು ಪ್ರಾಣಕ್ಕೇ ಅಪಾಯ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ.

ಮೂರು ಅವಕಾಶಗಳು

ಮೊದಲನೆಯದು, ಶಾಲೆ ಮುಚ್ಚಿದ ಮರುದಿನವೇ ಹೊರಡುವುದು. ಮೇ ತಿಂಗಳ ಸೆಕೆ, ಬೆವರು ತಪ್ಪದು. ಆದರೆ ಮಾವು, ಹಲಸು, ಯಕ್ಷಗಾನ, ಬಂಧುಬಳಗ ಎಲ್ಲವೂ ಒಟ್ಟಿಗೆ ದೊರೆಯುವುದು ಆಗಲೇ.

ಎರಡನೆಯದು ದಸರಾ. ಇಲ್ಲಿನ ಶಾಲೆಗಳಿಗೆ ಕೆಲವೇ ದಿನಗಳ ಬಿಡುವು, ಊರಿನಲ್ಲಿ ದೀರ್ಘ ರಜೆ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ದಸರಾ, ಬೀದಿ ಬೀದಿಯ ಹುಲಿವೇಷ ಮಕ್ಕಳ ಮನಸ್ಸಿನಲ್ಲಿ ಉಳಿಯುವಂಥದ್ದು.

ಮೂರನೆಯದು ಜನವರಿ ಮೊದಲ ಪಕ್ಷದ ಚಳಿಗಾಲದ ರಜೆ. ದೆಹಲಿ ಗಡಗಡ ನಡುಗುವಾಗ ಮಂಗಳೂರಿನಲ್ಲಿ ಹತ್ತಿ ಬಟ್ಟೆ ಸಾಕು. ಕಡಲು ಶಾಂತ, ಮೇಳಗಳು ತಿರುಗಾಟದಲ್ಲಿ, ವಾರಾಂತ್ಯಕ್ಕೆ ಕಂಬಳ. ಊರಿನ ಮಕ್ಕಳಿಗೆ ಆಗ ಶಾಲೆ ಇರುವುದರಿಂದ ಶನಿವಾರ–ಭಾನುವಾರಗಳನ್ನು ಬಂಧುಗಳಿಗೆ ಮೀಸಲಿಡುವುದು ಒಳಿತು. ಕಡಲನ್ನೇ ನೋಡಬೇಕೆನ್ನುವವರಿಗೆ ಇದಕ್ಕಿಂತ ಉತ್ತಮ ಕಾಲವಿಲ್ಲ.

ಟಿಕೆಟ್‌ನ ಲೆಕ್ಕ

1998ರಲ್ಲಿ ಕೊಂಕಣ ರೈಲ್ವೆ ತೆರೆಯುವ ಮುನ್ನ ದೆಹಲಿಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವವರು ಕೇರಳ ಸುತ್ತಿ ಬರಬೇಕಿತ್ತು. ಹಿರಿಯ ಸದಸ್ಯರಿಗೆ ಆ ದಿನಗಳು ನೆನಪಿರಬಹುದು. ಈಗ ಹಜರತ್ ನಿಜಾಮುದ್ದೀನ್‌ನಿಂದ ಪ್ರತಿದಿನ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್, ವಾರಕ್ಕೆ ಮೂರು ದಿನ ತಿರುವನಂತಪುರ ರಾಜಧಾನಿ ಕಡಲ ತಡಿಯ ಹಾದಿಯಲ್ಲೇ ಸಾಗುತ್ತವೆ. ಮಳೆಗಾಲದಲ್ಲಿ ಈ ಮಾರ್ಗದ ವೇಳಾಪಟ್ಟಿ ಬೇರೆ, ವೇಗವೂ ಕಡಿಮೆ.

ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿದಿದೆ. ಹಾಗಾಗಿ ಮೇ 16ರ ಟಿಕೆಟ್ ಮಾರ್ಚ್ 17ರಂದು, ಜನವರಿ 1ರ ಟಿಕೆಟ್ ನವೆಂಬರ್ 2ರಂದು ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆಯ ಗಡಿಬಿಡಿ. ಈ ತಾರೀಖನ್ನು ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡುವುದು ಜಾಣತನ. ವಸಂತ್ ಕುಂಜ್‌ನವರಿಗೆ ವಿಮಾನ ನಿಲ್ದಾಣ ಹತ್ತಿರವೇನೋ ಹೌದು. ಆದರೆ ಜನವರಿಯಲ್ಲಿ ಬೆಳಗಿನ ವಿಮಾನಗಳು ಮಂಜಿಗೆ ಸಿಲುಕುವುದು ಸಾಮಾನ್ಯ, ಮಧ್ಯಾಹ್ನದ ವಿಮಾನ ಹೆಚ್ಚು ಭರವಸೆಯದು. ಬೆಂಗಳೂರಿನಲ್ಲಿಳಿದು ರಸ್ತೆಯಲ್ಲಿ ಹೋಗುವವರು ಮಳೆಗಾಲದಲ್ಲಿ ಶಿರಾಡಿ ಘಾಟಿಯ ಭೂಕುಸಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಳಿದ ಮೇಲೆ

ಮಂಗಳೂರಿಗೆ ಎರಡು ರೈಲು ನಿಲ್ದಾಣ. ದೆಹಲಿಯ ಈ ರೈಲುಗಳು ನಿಲ್ಲುವುದು ಪಡೀಲ್ ಬಳಿಯ ಜಂಕ್ಷನ್‌ನಲ್ಲಿ, ಪೇಟೆಯ ನಡುವಿನ ಸೆಂಟ್ರಲ್‌ನಲ್ಲಲ್ಲ. ಕರೆದೊಯ್ಯಲು ಬರುವ ಬಂಧುಗಳಿಗೆ ಇದನ್ನು ಸ್ಪಷ್ಟವಾಗಿ ತಿಳಿಸಬೇಕು. ಉಡುಪಿ ಕಡೆಯವರು ಉಡುಪಿಯಲ್ಲೇ ಇಳಿಯಬಹುದು.

ಇಲ್ಲಿಯಂತೆ ಅಲ್ಲಿ ಮೆಟ್ರೋ ಇಲ್ಲ. ಖಾಸಗಿ ಸಿಟಿ ಬಸ್ಸುಗಳೇ ನಗರದ ಜೀವನಾಡಿ, ಅವುಗಳ ಕೇಂದ್ರ ಸ್ಟೇಟ್ ಬ್ಯಾಂಕ್ ನಿಲ್ದಾಣ. ಹಗಲಿನಲ್ಲಿ ಒಂದರ ಹಿಂದೊಂದು ಬರುವ ಈ ಬಸ್ಸುಗಳು ರಾತ್ರಿ ಬೇಗನೆ ವಿರಳವಾಗುತ್ತವೆ. ಪಣಂಬೂರು, ಸುರತ್ಕಲ್ ಉತ್ತರಕ್ಕೆ. ಉಳ್ಳಾಲ, ಸೋಮೇಶ್ವರ ನೇತ್ರಾವತಿ ದಾಟಿ ದಕ್ಷಿಣಕ್ಕೆ. ಎರಡನ್ನೂ ಒಂದೇ ಸಂಜೆಗೆ ಇಟ್ಟುಕೊಂಡರೆ ದಾರಿಯಲ್ಲೇ ಹೊತ್ತು ಮುಳುಗುತ್ತದೆ. ತಣ್ಣೀರುಬಾವಿಗೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಬಹುದು, ಕೂಳೂರಿನ ಮೂಲಕ ರಸ್ತೆಯೂ ಇದೆ. ಸೋಮೇಶ್ವರದ ಬಂಡೆಗಳು ನೋಡಲು ಚೆಂದ, ಈಜಲು ತಕ್ಕದ್ದಲ್ಲ.

ಇನ್ನೊಂದು ಮಾತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ನಿವಾಸಿ ಮಹಿಳೆಯರಿಗೆ, ಅದೂ ಸರಕಾರಿ ಬಸ್ಸುಗಳಲ್ಲಿ ಮಾತ್ರ. ವಸಂತ್ ಕುಂಜ್ ವಿಳಾಸದ ಆಧಾರ್ ತೋರಿಸುವ ನಮ್ಮ ಸೋದರಿಯರು ಟಿಕೆಟ್ ಪಡೆಯಲೇಬೇಕು. ತವರಿನಲ್ಲಿ ಈ ಮಾತು ಕೇಳಿ ಮನಸ್ಸು ಮುದುಡುವುದು ಸಹಜ. ಮೊದಲೇ ತಿಳಿದಿದ್ದರೆ ನಿರ್ವಾಹಕರೊಡನೆ ವಾದ ತಪ್ಪುತ್ತದೆ.

ದೆಹಲಿ ಶಾಲೆಗಳ ರಜೆ, ಕರ್ನಾಟಕದ ಶಾಲೆಗಳ ರಜೆ ಮತ್ತು ಪತ್ತನಾಜೆ, ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಸಂಘದ ಸೂಚನಾ ಫಲಕದಲ್ಲಿ ಫೆಬ್ರವರಿಯಲ್ಲೇ ಅಂಟಿಸಿದರೆ ಸದಸ್ಯ ಕುಟುಂಬಗಳಿಗೆ ದೊಡ್ಡ ಉಪಕಾರವಾದೀತು. ಇದಕ್ಕೆ ಖರ್ಚೇನೂ ಇಲ್ಲ. ಅಜ್ಜ–ಅಜ್ಜಿಯರಿಗೆ ವಯಸ್ಸಾಗುತ್ತಿದೆ, ಮಕ್ಕಳು ಬೆಳೆಯುತ್ತಿದ್ದಾರೆ. ಹೆಚ್ಚಿನ ಕುಟುಂಬಗಳಿಗೆ ವರ್ಷಕ್ಕೊಮ್ಮೆ ಸಿಗುವ ಈ ಪ್ರಯಾಣ ಹತ್ತು ದಿನ ಮುಂಚಿತವಾದರೂ ಅವರಿಬ್ಬರೂ ಒಟ್ಟಿಗೆ ಒಂದು ಆಟ ನೋಡಿ, ಒಂದು ಸಂಜೆ ಕಡಲ ಬದಿಯಲ್ಲಿ ಕುಳಿತು ಬರುವುದು ಸಾಧ್ಯ.